ಟೇಕ್ ಆನ್ ಮಿ ಕಲಿಯೋಣ: ಕಷ್ಟ ಇರುವುದು ಮೇಲಿನ ಸ್ವರದಲ್ಲಲ್ಲ

'ಟೇಕ್ ಆನ್ ಮಿ' ಅನ್ನುವ ಈ ಇಂಗ್ಲಿಷ್ ಪಾಪ್ ಹಾಡು ಕಲಿಯಲು ಹೊರಟವರೆಲ್ಲ ಮೊದಲು ಮಾಡುವ ಕೆಲಸ ಒಂದೇ. ಕೋರಸ್ಸಿನ, ಅಂದರೆ ಪಲ್ಲವಿಯ ಹಾಗೆ ಮತ್ತೆ ಮತ್ತೆ ಬರುವ ಭಾಗದ, ಕೊನೆಯಲ್ಲಿ ಬರುವ ಆ ಆಕಾಶದ ಸ್ವರಕ್ಕೆ ಹಾರಲು ನೋಡುವುದು. ಬಚ್ಚಲುಮನೆಯಲ್ಲಿ, ಬೈಕಿನ ಮೇಲೆ, ಹೆಲ್ಮೆಟ್ ಒಳಗೆ. ನಾನೂ ಮಾಡಿದ್ದೇನೆ. ಕೊನೆಗೆ ಒಂದು ಆಫೀಸಿನ ವಾರ್ಷಿಕ ಕಾರ್ಯಕ್ರಮದಲ್ಲಿ ಮೇಲಿನ ಸ್ವರ ಸಿಗಲಿ ಅಂತ ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಶ್ರುತಿಯನ್ನು ನಾಲ್ಕು ಮೆಟ್ಟಿಲು ಇಳಿಸಿಕೊಂಡು ವೇದಿಕೆ ಹತ್ತಿದೆ. ಮೇಲಿನ ಸ್ವರ ಹೇಗೋ ಬಂತು. ಆದರೆ ಕೋರಸ್ಸಿನ ಮೊದಲ ಪದ ಯಾರಿಗೂ ಕೇಳಲಿಲ್ಲ. ಮೈಕಿನಲ್ಲಿ ಬರೀ ಗಾಳಿ. ಹಾಡಿನ ಅತಿ ಕೆಳಗಿನ ಸ್ವರ ಇರುವುದು ಅಲ್ಲೇ, ಅದನ್ನು ನಾನು ಇನ್ನೂ ನಾಲ್ಕು ಮೆಟ್ಟಿಲು ಪಾತಾಳಕ್ಕೆ ತಳ್ಳಿದ್ದೆ.

ಅದಕ್ಕೇ ಇಲ್ಲಿ ತಲೆಕೆಳಗಾಗಿ ಹೋಗೋಣ. ಮೊದಲು ರಿಫ್ (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಆ ಕೀಬೋರ್ಡ್ ತುಣುಕು), ಆಮೇಲೆ ಎಡಗೈ, ಆಮೇಲೆ ಕೆಳಗಿನ ಸ್ವರ, ಎಲ್ಲ ಮುಗಿದ ಮೇಲೆ ಮೇಲಿನದ್ದು. ಬೇಕಿರುವುದು ಮನೆಯಲ್ಲಿ ಬಿದ್ದಿರುವ ಒಂದು ಕೀಬೋರ್ಡ್, ಮೊಬೈಲಿನಲ್ಲಿ ಟಕ್ ಟಕ್ ಅಂತ ಲಯ ತೋರಿಸುವ ಒಂದು ಮೆಟ್ರೊನೋಮ್ ಆ್ಯಪ್, ಮತ್ತೆ ಸರಿಗಮ ಗೊತ್ತಿದ್ದರೆ ಸಾಕು. ಪಾಶ್ಚಾತ್ಯ ನೊಟೇಶನ್ ಓದಲು ಬರಬೇಕಿಲ್ಲ.

ಮೊದಲು ಸರಿಯಾದ ಹಾಡನ್ನು ಹುಡುಕಿಕೊಳ್ಳಿ

ಇದು ತಮಾಷೆಯಲ್ಲ. ಇದೇ ತಂಡ ಇದೇ ಹೆಸರಿನಲ್ಲಿ ಹಾಡಿದ ಮೂರು ಬೇರೆ ಬೇರೆ ರೆಕಾರ್ಡಿಂಗ್ ನಿಮಗೆ ಸಿಗುತ್ತವೆ. ಒಂದನ್ನು ಕೇಳುತ್ತಾ ಇನ್ನೊಂದನ್ನು ನುಡಿಸಿದರೆ ಕೈ ಕಲಸಿಹೋಗುತ್ತದೆ.

ತಂಡದ ಹೆಸರು ಆ-ಹಾ. ನಾರ್ವೆ ದೇಶದ ಮೂವರು. ಗಿಟಾರ್ ಮತ್ತು ಬರವಣಿಗೆ ಪಾಲ್ ವಾಕ್ಟಾರ್, ಕೀಬೋರ್ಡ್ ಮಾಗ್ನೆ ಫುರುಹೋಲ್ಮೆನ್, ದನಿ ಮಾರ್ಟೆನ್ ಹಾರ್ಕೆಟ್. (ತಂಡದ ಹೆಸರು ಕೇಳಿದರೆ ನಮ್ಮ ಸಂಗೀತ ಸಭೆಯ ಮೊದಲ ಸಾಲಿನ ಅಜ್ಜ ತೊಡೆ ತಟ್ಟಿಕೊಂಡು ಹೇಳಿದ ಹಾಗಿದೆ, ಅಲ್ವಾ?) ಪಾಲ್ ಮತ್ತು ಮಾಗ್ನೆ ಇದಕ್ಕೂ ಮೊದಲು ಬ್ರಿಡ್ಜಸ್ ಅಂತ ಒಂದು ತಂಡದಲ್ಲಿದ್ದರು. ಈ ಹಾಡಿನ ರಿಫ್ ಹುಟ್ಟಿದ್ದು ಆಗಲೇ, ಇಬ್ಬರೂ ಇನ್ನೂ ಮೀಸೆ ಮೂಡದ ಹುಡುಗರಾಗಿದ್ದಾಗ. 1982ರಲ್ಲಿ ಆ-ಹಾ ಶುರುವಾಯಿತು. ಹಾರ್ಕೆಟ್ ಸೇರಿದ ಮೇಲೆ ಹಾಡಿಗೆ 'ಲೆಸನ್ ಒನ್' ಅಂತ ಹೆಸರಿತ್ತು. ಮೂವರೂ ಗಂಟುಮೂಟೆ ಕಟ್ಟಿಕೊಂಡು ಲಂಡನ್‌ಗೆ ಹೋದರು.

1984ರಲ್ಲಿ ಟೋನಿ ಮ್ಯಾನ್ಸ್‌ಫೀಲ್ಡ್ ಅನ್ನುವ ನಿರ್ಮಾಪಕರ ಕೈಯಲ್ಲಿ ಮೊದಲ ಸಲ ಹಾಡು ಹೊರಬಂತು. ನಾರ್ವೆಯಲ್ಲಿ ಓಡಿತು, ಬ್ರಿಟನ್ನಿನಲ್ಲಿ ಮಲಗಿತು. ಆಮೇಲೆ ಅಲನ್ ಟಾರ್ನಿ ಅನ್ನುವವರ ಜೊತೆ ಹೊಸದಾಗಿ ರೆಕಾರ್ಡ್ ಮಾಡಿದರು. ಅದೂ ಬ್ರಿಟನ್ನಿನಲ್ಲಿ ಬಿದ್ದುಹೋಯಿತು! ಅದೇ ಟಾರ್ನಿ ರೆಕಾರ್ಡಿಂಗಿಗೆ ಸ್ಟೀವ್ ಬ್ಯಾರನ್ ನಿರ್ದೇಶನದಲ್ಲಿ ಪೆನ್ಸಿಲ್ ಚಿತ್ರಗಳ ವಿಡಿಯೋ ಬಂದ ಮೇಲೆ ಹಾಡು ಎದ್ದು ನಿಂತಿತು. 1985ರ ಅಕ್ಟೋಬರಿನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನ. ನಾರ್ವೆಯ ತಂಡವೊಂದು ಅಲ್ಲಿಗೆ ತಲುಪಿದ್ದು ಅದೇ ಮೊದಲು. ಬ್ರಿಟನ್ನಿನಲ್ಲಿ ಎರಡನೇ ಸ್ಥಾನದವರೆಗೆ ಹೋಯಿತು.

ನಿಮಗೆ ಬೇಕಾದ್ದು ಈ 1985ರ ಟಾರ್ನಿ ರೆಕಾರ್ಡಿಂಗ್. 'ಹಂಟಿಂಗ್ ಹೈ ಆ್ಯಂಡ್ ಲೋ' ಆಲ್ಬಮ್ಮಿನಲ್ಲಿರುವುದು, ಪೆನ್ಸಿಲ್ ವಿಡಿಯೋದಲ್ಲಿರುವುದು, ಎಲ್ಲ ಅದೇ. ನೀಲಿ ಹಿನ್ನೆಲೆಯಲ್ಲಿ ಮೂವರು ಸುಮ್ನೆ ನಿಂತು ಹಾಡುವ ವಿಡಿಯೋ ಸಿಕ್ಕರೆ ಅದು 1984ರದ್ದು, ಕುತೂಹಲಕ್ಕೆ ನೋಡಿ, ಅಭ್ಯಾಸಕ್ಕೆ ಬೇಡ. ಮೂರನೆಯದು 2017ರಲ್ಲಿ ನಾರ್ವೆಯ ಗಿಸ್ಕೆ ದ್ವೀಪದಲ್ಲಿ ಮಾಡಿದ ಅನ್‌ಪ್ಲಗ್ಡ್ ಕಾರ್ಯಕ್ರಮದ್ದು. ಅದು ನಿಧಾನ, ಬಹಳ ಚೆನ್ನಾಗಿದೆ, ಅದರ ಕೆಲಸ ಮುಂದೆ ಇದೆ. ಈಗ ಪಕ್ಕಕ್ಕಿಡಿ. ಬೇರೆ ತಂಡಗಳು ಹಾಡಿದ್ದೂ ಬೇಕಷ್ಟಿವೆ, 2000ದಲ್ಲಿ ಎ1 ಅನ್ನುವ ತಂಡ ಇದನ್ನೇ ಹಾಡಿ ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೇ ಹೋಯಿತು. ಮೂಲದವರಿಗೆ ಸಿಗದ್ದು ಅವರಿಗೆ ಸಿಕ್ಕಿತು. ಏನ್ ಮಾಡೋದು.

ಸ ಎಲ್ಲಿ?

ಹಾಡು ಎ ಮೇಜರ್‌ನಲ್ಲಿದೆ. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಆರು. ಕೀಬೋರ್ಡಿನಲ್ಲಿ ಮೂರು ಕಪ್ಪು ಕೀಗಳ ಗುಂಪು ಹುಡುಕಿ, ಅದರಲ್ಲಿ ಎರಡನೆಯ ಮತ್ತು ಮೂರನೆಯ ಕಪ್ಪಿನ ನಡುವೆ ಇರುವ ಬಿಳಿ ಕೀ ನಿಮ್ಮ ಸ. ಅಲ್ಲಿಂದ ಶಂಕರಾಭರಣದ ಸ್ವರಗಳನ್ನು ಹಿಡಿಯಿರಿ. ಹಿಂದೂಸ್ತಾನಿಯವರಿಗೆ ಬಿಲಾವಲ್ ಥಾಟ್. ಗ, ದ, ನಿ ಈ ಮೂರು ಕಪ್ಪು ಕೀ ಮೇಲೆ ಬರುತ್ತವೆ. ಉಳಿದವೆಲ್ಲ ಬಿಳಿ. ಆರೋಹಣ ಅವರೋಹಣ ಹತ್ತು ಸಲ ನುಡಿಸಿ, ಕಣ್ಣು ಮುಚ್ಚಿಕೊಂಡು ದ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗಬೇಕು. ಯಾಕೆಂದರೆ ಶುರುವಾಗುವುದೇ ಅಲ್ಲಿಂದ.

ಒಂದು ಮಾತು. ಶಂಕರಾಭರಣದ ಸ್ವರಗಳು ಅಂದ ಮಾತ್ರಕ್ಕೆ ಇದು ಶಂಕರಾಭರಣ ರಾಗ ಅಲ್ಲ. ಗಮಕ ಹಾಕಬೇಡಿ. ಈ ಹಾಡಿನ ಸ್ವರಗಳು ಟೈಪ್‌ರೈಟರ್ ಹೊಡೆದ ಹಾಗೆ ಬೀಳಬೇಕು, ಸ್ವಲ್ಪ ಅಲ್ಲಾಡಿದರೂ ರುಚಿ ಕೆಡುತ್ತದೆ.

ರಿಫ್: ಮೂವತ್ತೆರಡು ಅಕ್ಷರ

ಇದೋ ಆ ಜಗತ್ಪ್ರಸಿದ್ಧ ರಿಫ್. ಅಲ್ಪವಿರಾಮ ಇರುವಲ್ಲಿ ಖಾಲಿ, ಏನೂ ನುಡಿಸಬಾರದು.

ದ ದ ಮ ರಿ | , ರಿ , ಪ
, ಪ , ಪ | ನಿ ನಿ ಸ ರಿ
ಸ ಸ ಸ ಪ | , ಮ , ದ
, ದ , ದ | ಪ ಪ ದ ಪ

ಎರಡನೇ ಸಾಲಿನ ಕೊನೆಯ ಸ ರಿ ಮತ್ತು ಮೂರನೇ ಸಾಲಿನ ಸ ಸ ಸ ಮೇಲಿನ ಸ್ಥಾಯಿಯವು. ಮಿಕ್ಕಿದ್ದೆಲ್ಲ ಮಧ್ಯ ಸ್ಥಾಯಿ. ಪಾಶ್ಚಾತ್ಯ ಹೆಸರು ಬೇಕಾದವರಿಗೆ: ದ ಅಂದರೆ ಎಫ್ ಶಾರ್ಪ್, ಮ ಡಿ, ರಿ ಬಿ, ಪ ಇ, ನಿ ಜಿ ಶಾರ್ಪ್.

ನೋಡಿ, ಗಾಂಧಾರವೇ ಇಲ್ಲ. ಇಡೀ ರಿಫ್‌ನಲ್ಲಿ ಒಂದೂ ಗ ಇಲ್ಲ. ಸ ಕೂಡ ಅರ್ಧ ದಾರಿ ಹತ್ತಿರ ಬಂದಾಗ ಬರುತ್ತದೆ, ಅದೂ ಮೇಲಿನದು. ಇದು ಸಂತೋಷದ ಹಾಡೋ ದುಃಖದ ಹಾಡೋ ಅಂತ ನನಗೆ ಇವತ್ತಿಗೂ ಸರಿಯಾಗಿ ಹೇಳಲು ಆಗುವುದಿಲ್ಲ, ಅದಕ್ಕೆ ಕಾರಣ ಇದೇ ಇರಬೇಕು ಅಂತ ನನ್ನ ಅನಿಸಿಕೆ. ಮೇಜರ್ರೋ ಮೈನರ್ರೋ ಅಂತ ಕಿವಿಗೆ ಹೇಳಿಕೊಡುವ ಸ್ವರವನ್ನೇ ಹುಡುಗರು ಬಿಟ್ಟುಬಿಟ್ಟಿದ್ದಾರೆ.

ಈಗ ತಾಳ. ಆದಿತಾಳ ಹಾಕಿ, ಪ್ರತಿ ಎಣಿಕೆಗೆ ಎರಡು ಅಕ್ಷರ. ಎರಡು ಸಾಲಿಗೆ ಒಂದು ಆವರ್ತ, ನಾಲ್ಕು ಸಾಲಿಗೆ ಎರಡು. ಕೀಬೋರ್ಡ್ ಮುಟ್ಟಬೇಡಿ. ಬಾಯಲ್ಲಿ ಸ್ವರ ಹೇಳುತ್ತಾ ಕೈಯಲ್ಲಿ ತಾಳ ಹಾಕಿ. ಮೊದಲ ಎರಡು ಎಣಿಕೆ ಸಲೀಸು, ಘಾತ ಬಿದ್ದಲ್ಲೇ ಸ್ವರ. ಮೂರರಿಂದ ಆರನೇ ಎಣಿಕೆಯವರೆಗೆ ಎಲ್ಲ ಉಲ್ಟಾ. ಕೈ ಬಿದ್ದಾಗ ಬಾಯಿ ಸುಮ್ಮನೆ, ಕೈ ಎದ್ದಾಗ ಸ್ವರ. ಏಳಕ್ಕೆ ಮತ್ತೆ ಸರಿಹೋಗುತ್ತದೆ. ಎರಡನೇ ಆವರ್ತವೂ ಹಾಗೇ, ಮೂರರಿಂದ ಆರು ಉಲ್ಟಾ. ರಿಫ್ ತಪ್ಪುವವರೆಲ್ಲ ತಪ್ಪುವುದು ಇಲ್ಲೇ. ಖಾಲಿ ಜಾಗ ಕಂಡ ಕೂಡಲೇ ಬೆರಳಿಗೆ ತುರಿಕೆ ಶುರುವಾಗುತ್ತದೆ, ಅರ್ಧ ಅಕ್ಷರ ಮೊದಲೇ ಪ ಹೊಡೆದುಬಿಡುತ್ತೇವೆ, ಅಲ್ಲಿಂದ ಮುಂದೆ ಎಲ್ಲ ಓಡಿದ ಹಾಗೆ ಕೇಳುತ್ತದೆ. ಹತ್ತು ನಿಮಿಷ ಬಾಯಲ್ಲಿ ಹೇಳಿ, ಆಮೇಲೆ ಬೆರಳು.

ಬೆರಳು ಯಾವುದು ಎಲ್ಲಿ? ದ ಉಂಗುರ ಬೆರಳು, ಮ ತೋರುಬೆರಳು, ರಿ ಹೆಬ್ಬೆರಳು, ಪ ನಡುಬೆರಳು. ಪ ಮೂರು ಸಲ ಬರುತ್ತದಲ್ಲ, ಮೂರನೇ ಪ ಬಂದಾಗ ಬೆರಳು ಬದಲಿಸಿ ಹೆಬ್ಬೆರಳಲ್ಲಿ ಒತ್ತಿ. ಇದೊಂದೇ ಗುಟ್ಟು. ಆಗ ನಿ ನಡುಬೆರಳು, ಮೇಲಿನ ಸ ಉಂಗುರ, ರಿ ಕಿರುಬೆರಳು, ಎಲ್ಲ ಕೈಯಳತೆಯಲ್ಲೇ ಸಿಗುತ್ತವೆ. ಸ ಸ ಸ ಆದ ಮೇಲೆ ಪ ಹೆಬ್ಬೆರಳು. ಅದೇ ಹೆಬ್ಬೆರಳನ್ನು ಪಕ್ಕದ ಮ ಮೇಲೆ ಜಾರಿಸಿ, ಅಲ್ಲಿಂದ ದ ನಡುಬೆರಳು, ಪ ತೋರುಬೆರಳು. ಮತ್ತೆ ಮೊದಲಿಗೆ ಬಂದಾಗ ದ ಉಂಗುರ ಬೆರಳು. ನಿಮ್ಮ ಬೆರಳು ಚಿಕ್ಕದಿದ್ದರೆ ಬೇರೆ ಜೋಡಣೆ ಮಾಡಿಕೊಳ್ಳಿ, ಇದೇನು ಶಾಸನವಲ್ಲ. ಆದರೆ ಒಮ್ಮೆ ಗೊತ್ತುಮಾಡಿಕೊಂಡ ಮೇಲೆ ದಿನಕ್ಕೊಂದು ಥರ ಬದಲಿಸಬೇಡಿ.

ವೇಗ. ಮೂಲ ಹಾಡಿನ ವೇಗ ನಿಮಿಷಕ್ಕೆ ಸುಮಾರು 169 ಬೀಟ್. ಅಂದರೆ ಈ ಮೂವತ್ತೆರಡು ಅಕ್ಷರ ಆರು ಸೆಕೆಂಡಿಗೂ ಕಮ್ಮಿ ಹೊತ್ತಿನಲ್ಲಿ ಮುಗಿದುಹೋಗುತ್ತದೆ. ಸುಮ್ನೆ ಮೊದಲ ದಿನವೇ ಅದಕ್ಕೆ ಕೈ ಹಾಕಬೇಡಿ. ಮೆಟ್ರೊನೋಮ್ 80ಕ್ಕೆ ಇಡಿ. ಸತತ ಐದು ಸಲ ತಪ್ಪಿಲ್ಲದೆ ಬಂದರೆ 5 ಹೆಚ್ಚಿಸಿ. ಒಂದು ಸಲ ತಪ್ಪಿದರೆ 10 ಇಳಿಸಿ. ಇದು ಬೇಜಾರಿನ ಆಟ, ಒಪ್ಪುತ್ತೇನೆ, ಆದರೆ ದಿನಕ್ಕೆ ಇಪ್ಪತ್ತು ನಿಮಿಷ ಕೊಟ್ಟರೆ ಎರಡು ಮೂರು ವಾರದಲ್ಲಿ 150 ಮುಟ್ಟಬಹುದು. 120 ದಾಟುವಾಗ ಒಂದು ಗೋಡೆ ಎದುರಾಗುತ್ತದೆ, ಅಲ್ಲಿ ಬೆರಳಿಗಿಂತ ಮಣಿಕಟ್ಟು ಬಿಗಿಯಾಗಿರುತ್ತದೆ, ಭುಜ ಇಳಿಬಿಟ್ಟು ನೋಡಿ. ಮನೆಯವರು ಕಿರಿಕಿರಿ ಮಾಡಿದರೆ ಹೆಡ್‌ಫೋನ್ ಹಾಕಿಕೊಳ್ಳಿ. ನಮ್ಮ ಮನೆಯಲ್ಲಿ ಮಾಡಿದರು.

ಯಾವ ಟೋನ್ ಆರಿಸುವುದು

1985ರ ರೆಕಾರ್ಡಿಂಗಿನಲ್ಲಿ ರೋಲ್ಯಾಂಡ್ ಜೂನೋ 60, ಯಮಹಾ ಡಿಎಕ್ಸ್ 7 ಥರದ ಸಿಂತ್‌ಗಳು, ಲಿನ್‌ಡ್ರಮ್ ಅನ್ನುವ ಡ್ರಮ್ ಯಂತ್ರ ಇವೆ. ನಮ್ಮ ಮನೆಯ ಕೀಬೋರ್ಡಿನಲ್ಲಿ ಅದು ಹಾಗೇ ಬರುವುದಿಲ್ಲ, ಪರವಾಗಿಲ್ಲ. ಟೋನ್ ಪಟ್ಟಿಯಲ್ಲಿ ಸಿಂತ್ ಬ್ರಾಸ್ ಅಥವಾ ಸಾ ಲೀಡ್ ಅಂತ ಇರುತ್ತದೆ, ಅದನ್ನು ಹಿಡಿಯಿರಿ. ಎರಡು ಟೋನ್ ಒಟ್ಟಿಗೆ ಸೇರಿಸುವ ಡ್ಯುಯಲ್ ಬಟನ್ ಇದ್ದರೆ ಅದರ ಮೇಲೆ ಬೆಲ್ ಥರದ್ದೊಂದನ್ನು ಸಣ್ಣ ಸದ್ದಿನಲ್ಲಿ ಕೂರಿಸಿ. ಸ್ಟ್ರಿಂಗ್ಸ್ ಬೇಡವೇ ಬೇಡ. ಬೆರಳು ಎತ್ತಿದ ಮೇಲೂ ಸದ್ದು ಉಳಿಯುವ ಟೋನ್ ಆದರೆ ಆ ಖಾಲಿ ಜಾಗಗಳೆಲ್ಲ ತುಂಬಿಹೋಗಿ ರಿಫ್ ಗಂಜಿಯಾಗುತ್ತದೆ. ಸಸ್ಟೇನ್ ಪೆಡಲ್ ಇದ್ದರೆ ಕಾಲು ದೂರ ಇಡಿ.

ರಿದಂ ಹಾಕಿಕೊಳ್ಳುವವರು 8 ಬೀಟ್ ಪಾಪ್ ಆರಿಸಿ. ಕೀಬೋರ್ಡಿನ ರಿದಂ 169ಕ್ಕೆ ಏರಿಸಿದಾಗ ಕೋಳಿ ಕೆದರಿದ ಹಾಗೆ ಕೇಳಿದರೆ 85ಕ್ಕೆ ಇಟ್ಟು 16 ಬೀಟ್ ಹಾಕಿ ನೋಡಿ.

ಎಡಗೈ: ರಿಫ್ ಹುಟ್ಟಿದ್ದು ಇಲ್ಲಿಂದ

ಕಾರ್ಡ್ ಅಂದರೆ ಮೂರು ಸ್ವರ ಒಟ್ಟಿಗೆ ಒತ್ತುವುದು, ಅಷ್ಟೇ. ಈ ಹಾಡಿಗೆ ಐದು ಸಾಕು.

ಬಿ ಮೈನರ್ ಅಂದರೆ ರಿ ಮ ದ. ಇ ಮೇಜರ್, ಪ ನಿ ರಿ. ಎ ಮೇಜರ್, ಸ ಗ ಪ. ಡಿ ಮೇಜರ್, ಮ ದ ಸ. ಎಫ್ ಶಾರ್ಪ್ ಮೈನರ್, ದ ಸ ಗ.

ರಿಫ್‌ನ ಒಂದೊಂದು ಸಾಲಿಗೆ ಒಂದೊಂದು ಕಾರ್ಡ್: ಬಿ ಮೈನರ್, ಇ, ಎ, ಕೊನೆಯ ಸಾಲಿನಲ್ಲಿ ಅರ್ಧ ಡಿ, ಅರ್ಧ ಎ. ಈಗ ರಿಫ್‌ನ ಮೊದಲ ನಾಲ್ಕು ಅಕ್ಷರ ಮತ್ತೆ ನೋಡಿ. ದ ದ ಮ ರಿ. ಬಿ ಮೈನರ್ ಕಾರ್ಡನ್ನೇ ಮೇಲಿಂದ ಕೆಳಗೆ ಬಿಡಿಸಿ ಇಟ್ಟಿದ್ದಾರೆ! ಎರಡನೇ ಸಾಲು ಪ, ನಿ, ರಿ, ನಡುವೆ ಒಂದು ಸ. ಅದು ಇ ಮೇಜರ್. ಇದು ಗೊತ್ತಾದ ಮೇಲೆ ರಿಫ್ ಬಾಯಿಪಾಠ ಮಾಡುವುದು ಬೇಕಾಗುವುದಿಲ್ಲ, ಎಡಗೈ ಎಲ್ಲಿದೆಯೋ ಬಲಗೈ ಅಲ್ಲೇ ಹತ್ತಿರದಲ್ಲಿ ಓಡಾಡುತ್ತಿರುತ್ತದೆ. ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಹಾಡಿನ ಚರಣಗಳೂ ಇದೇ ಕಾರ್ಡ್‌ಗಳ ಮೇಲೆ ನಡೆಯುತ್ತವೆ, ಕೋರಸ್‌ಗೆ ಹೋಗುವ ಮುಂಚೆ ಎಫ್ ಶಾರ್ಪ್ ಮೈನರ್ ಮತ್ತು ಡಿ ಬರುತ್ತವೆ. ನಡುವೆ ಒಂದು ಬರೀ ವಾದ್ಯದ ಭಾಗ ಇದೆ, ಅದು ಬೇರೆಯದೇ ದಾರಿ ಹಿಡಿಯುತ್ತದೆ. ಮೊದಲ ಸಲ ಕಲಿಯುವಾಗ ಅದನ್ನು ಬಿಟ್ಟು ಆ ಜಾಗದಲ್ಲಿ ರಿಫ್ ಇನ್ನೊಮ್ಮೆ ಬಾರಿಸಿ. ಯಾರೂ ಕೇಳುವುದಿಲ್ಲ.

ಕೋರಸ್‌ಗೆ ಎ, ಇ, ಎಫ್ ಶಾರ್ಪ್ ಮೈನರ್, ಡಿ. ನಾಲ್ಕು ನಾಲ್ಕು ಎಣಿಕೆಗೆ ಒಂದೊಂದು. ಇಲ್ಲಿ ಒಂದು ಕೆಲಸ ಮಾಡಿ. ಎಡಗೈಯಲ್ಲಿ ಪೂರ್ತಿ ಕಾರ್ಡ್ ಬೇಡ, ಒಂದೊಂದೇ ಸ್ವರ ಒತ್ತಿ: ಸ, ಅದರ ಕೆಳಗಿನ ನಿ, ಅದರ ಕೆಳಗಿನ ದ, ಆಮೇಲೆ ಮ. ಬೇಸ್, ಅಂದರೆ ಎಡಗೈಯ ಈ ಕೆಳಗಿನ ಸ್ವರ, ಮೆಟ್ಟಿಲು ಇಳಿಯುತ್ತಾ ಹೋಗುತ್ತದೆ. ಅದೇ ಹೊತ್ತಿಗೆ ದನಿ ಮೇಲೆ ಹತ್ತುತ್ತಾ ಹೋಗುತ್ತದೆ. ಒಂದು ಇಳಿಯುತ್ತಿದೆ, ಒಂದು ಏರುತ್ತಿದೆ, ನಡುವಿನ ಜಾಗ ಅಗಲವಾಗುತ್ತಲೇ ಇದೆ. ಕೋರಸ್ ಕೇಳಿದಾಗ ಎದೆಯಲ್ಲಿ ಏನೋ ತೆರೆದ ಹಾಗೆ ಆಗುತ್ತದಲ್ಲ, ಅದರ ಕೀಲಿ ಇದು. ಎಷ್ಟೋ ಜನ ಬರೀ ಹಾಡುಗಾರನ ಗಂಟಲಿಗೆ ಆ ಹೆಸರು ಕೊಡುತ್ತಾರೆ. ಅರ್ಧ ಹೆಸರು ಬೇಸ್‌ಗೆ ಸಲ್ಲಬೇಕು.

ಈಗ ಹಾಡುವುದು, ಕೆಳಗಿನಿಂದ

ಕೋರಸ್ಸಿನ ಮೊದಲ ಮೂರು ಪದಗಳೇ ಹಾಡಿನ ಹೆಸರು. ಅವುಗಳ ಸ್ವರ ಸ, ನಿ, ಸ. ಕೇಳಲು ಎಷ್ಟು ಸುಲಭ! ಆದರೆ ಮೊದಲ ಸ ಮಂದ್ರದ್ದು, ಅಲ್ಲಿಂದ ನೇರ ಒಂದೇ ನೆಗೆತಕ್ಕೆ ನಡುವಿನ ಐದು ಸ್ವರ ದಾಟಿ ಮೇಲಿನ ನಿ, ಆಮೇಲೆ ಅದರ ಪಕ್ಕದ ಸ. ಮೇಜರ್ ಸೆವೆಂತ್ ಅಂತ ಕರೆಯುವ ಈ ನೆಗೆತ ಪಾಪ್ ಹಾಡುಗಳಲ್ಲಿ ಅಪರೂಪ. ಅದೆಷ್ಟು ಅಪರೂಪ ಅಂದರೆ, ಪಾಶ್ಚಾತ್ಯ ಸಂಗೀತ ಕಲಿಯುವ ಮಕ್ಕಳಿಗೆ ಈ ಅಂತರ ನೆನಪಿಟ್ಟುಕೊಳ್ಳಲು ಇದೇ ಹಾಡನ್ನು ಹೇಳಿಕೊಡುತ್ತಾರೆ.

ಅಳತೆ ನೋಡೋಣ. ಹಾಡಿನ ಅತಿ ಕೆಳಗಿನ ಸ್ವರ ಈ ಮಂದ್ರ ಸ. ಅತಿ ಮೇಲಿನದು ಕೋರಸ್ಸಿನ ಕೊನೆಯ ತಾರ ಪಂಚಮ. ಮಂದ್ರ ಷಡ್ಜದಿಂದ ತಾರ ಪಂಚಮದವರೆಗೆ, ಎರಡೂವರೆ ಸ್ಥಾಯಿ. ನಮ್ಮ ಕಛೇರಿಗಳಲ್ಲಿ ವಿದ್ವಾಂಸರು ಸಾಮಾನ್ಯವಾಗಿ ಓಡಾಡುವುದು ಮಂದ್ರ ಪಂಚಮದಿಂದ ತಾರ ಪಂಚಮ, ಎರಡು ಸ್ಥಾಯಿ. ಅದಕ್ಕೇ ವರ್ಷಗಟ್ಟಲೆ ಬೆಳಗಿನ ಜಾವ ಎದ್ದು ಅಕಾರ ಸಾಧನೆ ಮಾಡಿರುತ್ತಾರೆ. ಹಾರ್ಕೆಟ್ ಅದಕ್ಕಿಂತ ಜಾಸ್ತಿಯನ್ನು ಒಂದೇ ಕೋರಸ್‌ನಲ್ಲಿ ಏರಿಬಿಡುತ್ತಾರೆ.

ಹಾಗಾದರೆ ನಾವು? ಮೊದಲು ನಿಮ್ಮ ಕೆಳಗಿನ ಗಡಿ ಗೊತ್ತುಮಾಡಿಕೊಳ್ಳಿ. ಇದನ್ನು ಬೆಳಿಗ್ಗೆ ಎದ್ದ ಕೂಡಲೇ ಮಾಡಬೇಡಿ, ಆಗ ಗಂಟಲು ಇಳಿದಿರುತ್ತದೆ, ಎಲ್ಲರೂ ಬೇಸ್ ಗಾಯಕರೇ. ಸಂಜೆ ಮಾಡಿ. ಕೀಬೋರ್ಡಿನಲ್ಲಿ ಒಂದೊಂದೇ ಕೀ ಕೆಳಗಿಳಿಯುತ್ತಾ 'ಆ' ಅನ್ನಿ. ಪಕ್ಕದ ಕೋಣೆಯಲ್ಲಿರುವವರಿಗೆ ಸ್ವರ ಅಂತ ಗೊತ್ತಾಗುವ ಕೊನೆಯ ಕೀ ಯಾವುದು? ಅದೇ ನಿಮ್ಮ ಮಂದ್ರ ಸ. ಅದಕ್ಕೆ ತಕ್ಕ ಹಾಗೆ ಟ್ರಾನ್ಸ್‌ಪೋಸ್ ಇಡಿ. ಮೇಲಿನ ಸ್ವರವನ್ನು ನೋಡಿ ಶ್ರುತಿ ಆರಿಸಬೇಡಿ. ನಾನು ಮಾಡಿದ ತಪ್ಪು ಅದು. ಮೇಲೆ ಸಿಗದಿದ್ದರೆ ತಪ್ಪಿಸಿಕೊಳ್ಳಲು ದಾರಿಗಳಿವೆ, ಕೆಳಗೆ ಸಿಗದಿದ್ದರೆ ಇಲ್ಲ.

ಯಾಕೆ ಇಲ್ಲ? ಆ ಮೊದಲ ಸ ತೊಂದರೆ ಅಂತ ಅದನ್ನು ಮೇಲಿನ ಸ್ಥಾಯಿಯಲ್ಲೇ ಹಾಡಿಬಿಟ್ಟರೆ ಸ ನಿ ಸ ಅನ್ನುವುದು ಪಕ್ಕದ ಮನೆಗೆ ಹೋಗಿ ಬಂದ ಹಾಗಾಗುತ್ತದೆ. ನೆಗೆತವೇ ಇಲ್ಲ. ಎತ್ತರ ಅನ್ನುವುದು ಕೆಳಗಿನಿಂದ ನೋಡಿದಾಗ ತಾನೇ.

ಹೆಣ್ಣುದನಿಯವರಿಗೆ ಲೆಕ್ಕ ಬೇರೆ. ಮೂಲ ಶ್ರುತಿಯಲ್ಲಿ ಆ ಕೊನೆಯ ತಾರ ಪಂಚಮ ಅನೇಕರಿಗೆ ಆರಾಮಾಗಿ ಸಿಗುತ್ತದೆ, ಗಂಡಸರು ಒದ್ದಾಡುವ ಜಾಗದಲ್ಲಿ ನೀವು ನಗುತ್ತಾ ನಿಲ್ಲಬಹುದು. ಆದರೆ ಆ ಮಂದ್ರ ಸ ಸಿಗುವುದಿಲ್ಲ. ಹಾಗಾಗಿ ಒಳ್ಳೆಯ ಉಪಾಯ ಅಂದರೆ ಇಬ್ಬರು ಸೇರಿ ಹಾಡುವುದು. ಗಂಡುದನಿ ಕೆಳಗಿನಿಂದ ಶುರುಮಾಡಲಿ, ಕೋರಸ್ ಏರುತ್ತಾ ಹೋದ ಹಾಗೆ ಹೆಣ್ಣುದನಿ ಸೇರಿಕೊಂಡು ಕೊನೆಯ ಸ್ವರ ಅವರೇ ಹಿಡಿಯಲಿ. ಎರಡು ದನಿ ಬದಲಾಗುವ ಜಾಗದಲ್ಲಿ ಒಂದೆರಡು ಸ್ವರ ಇಬ್ಬರೂ ಒಟ್ಟಿಗೆ ಹಾಡಿ, ಇಲ್ಲದಿದ್ದರೆ ಬಸ್ ಬದಲಿಸಿದ ಹಾಗೆ ಕೇಳುತ್ತದೆ. ಆ ಆಫೀಸ್ ಪ್ರಸಂಗ ಆದ ಮೇಲೆ ನಾನು ಅಕ್ಕನ ಜೊತೆ ಹೀಗೇ ಹಾಡುವುದು. ಅವಳಿಗೆ ನನಗಿಂತ ಜಾಸ್ತಿ ಚಪ್ಪಾಳೆ ಬೀಳುತ್ತದೆ, ಅದೊಂದು ಬೇಜಾರು.

ಒಬ್ಬರೇ ಹಾಡುತ್ತೇನೆ ಅನ್ನುವವರಿಗೆ

ಆ ಮೇಲಿನ ಸ್ವರ ಫಾಲ್ಸೆಟ್ಟೊ. ನಮ್ಮ ಸಂಗೀತ ಪಾಠದಲ್ಲಿ ಕಳ್ಳಗಂಟಲು ಅಂತ ಬೈಸಿಕೊಳ್ಳುವಂಥದ್ದು. ಇಲ್ಲಿ ಅದೇ ಬೇಕು. ತುಂಬು ದನಿಯಲ್ಲಿ ಅಲ್ಲಿಗೆ ಹೋಗಲು ಯತ್ನಿಸಿದರೆ ನರ ಉಬ್ಬುತ್ತದೆ, ಸ್ವರ ಬರುವುದಿಲ್ಲ.

ಮೊದಲು ಬೆಕ್ಕಿನ ಮರಿ ಕೂಗಿದ ಹಾಗೆ ಸಣ್ಣಗೆ 'ಊ' ಅನ್ನಿ. ಅದು ಕಳ್ಳಗಂಟಲು. ಈಗ ಮೇಲಿನ ಆ ದನಿಯಿಂದ ಶುರುಮಾಡಿ ನಿಧಾನಕ್ಕೆ ಕೆಳಗೆ ಜಾರುತ್ತಾ ಬನ್ನಿ, ಎಲ್ಲೋ ಒಂದು ಕಡೆ ದನಿ ಕಟಕ್ ಅಂತ ಮುರಿದು ಮಾಮೂಲಿ ಗಂಟಲಿಗೆ ಬೀಳುತ್ತದೆ. ಆ ಮುರಿಯುವ ಜಾಗ ಯಾವ ಕೀ ಅಂತ ಗುರುತು ಮಾಡಿಕೊಳ್ಳಿ. ಕೋರಸ್ ಹಾಡುವಾಗ ಆ ಜಾಗಕ್ಕೆ ಬರುವ ಎರಡು ಸ್ವರ ಮೊದಲೇ ದನಿಯನ್ನು ಹಗುರ ಮಾಡಿಬಿಡಿ. ಏರುತ್ತಾ ಏರುತ್ತಾ ಜೋರು ಮಾಡುವುದು ನಮ್ಮ ಸ್ವಭಾವ, ಇಲ್ಲಿ ಏರುತ್ತಾ ಏರುತ್ತಾ ಸದ್ದು ಕಮ್ಮಿ ಮಾಡಬೇಕು. ಇದು ಅಭ್ಯಾಸವಾಗಲು ನನಗೆ ರಿಫ್‌ಗಿಂತ ಜಾಸ್ತಿ ಸಮಯ ಹಿಡಿಯಿತು. ದಿನಕ್ಕೆ ಹತ್ತು ಸಲಕ್ಕಿಂತ ಹೆಚ್ಚು ಆ ಸ್ವರಕ್ಕೆ ಹೋಗಬೇಡಿ. ಗಂಟಲು ಕೆರೆದರೆ ಅವತ್ತಿಗೆ ನಿಲ್ಲಿಸಿ, ನೀರು ಕುಡಿಯಿರಿ.

ಇದಕ್ಕೆ 2017ರ ಅನ್‌ಪ್ಲಗ್ಡ್ ರೆಕಾರ್ಡಿಂಗ್ ಈಗ ತೆಗೆಯಿರಿ. ಡೆಡ್‌ಪೂಲ್ 2 ಸಿನಿಮಾದಲ್ಲಿ ಕೇಳಿರಬಹುದು. ಇದು ನಿಧಾನ, ಡ್ರಮ್ ಯಂತ್ರದ ಗಲಾಟೆ ಇಲ್ಲ, ಹಾಗಾಗಿ ಹಾರ್ಕೆಟ್ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ದನಿ ಹಗುರ ಮಾಡುತ್ತಾರೆ ಅನ್ನುವುದು ಬಿಡಿಸಿ ಬಿಡಿಸಿ ಕೇಳುತ್ತದೆ. ಆಗ ಅವರಿಗೆ ಐವತ್ತೇಳು ವಯಸ್ಸು. ಇದರ ಜೊತೆ ಹಾಡಿ ಉಸಿರಿನ ಜಾಗ ಗೊತ್ತುಮಾಡಿಕೊಂಡು, ಆಮೇಲೆ 1985ರ ವೇಗಕ್ಕೆ ಬನ್ನಿ.

ಮೇಲಿನ ಸ್ವರ ಎಷ್ಟು ಮಾಡಿದರೂ ಬರಲಿಲ್ಲವೇ? ಅಲ್ಲಿಗೆ ಬಂದಾಗ ಮೈಕನ್ನು ಕೇಳುಗರ ಕಡೆ ತಿರುಗಿಸಿ. ಹಾಸ್ಯಕ್ಕೆ ಹೇಳುತ್ತಿಲ್ಲ, ಈ ಹಾಡಿಗೆ ಅದು ನಡೆಯುತ್ತದೆ, ಎಲ್ಲರಿಗೂ ಆ ಸ್ವರಕ್ಕೆ ಕಿರುಚುವ ಆಸೆ ಇದ್ದೇ ಇರುತ್ತದೆ. 1991ರಲ್ಲಿ ರಿಯೊ ಡಿ ಜನೈರೊದ ಮರಕಾನಾ ಸ್ಟೇಡಿಯಮ್ಮಿನಲ್ಲಿ ಆ-ಹಾ ಹಾಡಿದಾಗ ಮುಂದೆ ನಿಂತಿದ್ದ ಟಿಕೆಟ್ ಕೊಂಡ ಜನ 1,98,000. ನಿಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ಅರವತ್ತು ಜನ ಬಂದರೂ ಕೆಲಸ ಆಗುತ್ತದೆ.

ವೇದಿಕೆಗೆ ಹೋಗುವ ಮುಂಚೆ

ಮೈಕ್ ಬಗ್ಗೆ. ಮಂದ್ರ ಸ ಹಾಡುವಾಗ ತುಟಿ ಮೈಕಿಗೆ ತಾಗುವಷ್ಟು ಹತ್ತಿರ ಇರಲಿ. ಮೇಲೆ ಹೋಗುತ್ತಾ ಒಂದು ಗೇಣು ದೂರ ತನ್ನಿ. ಸೌಂಡ್ ಅಣ್ಣನಿಗೆ ಮೊದಲೇ ಹೋಗಿ "ಅಣ್ಣಾ, ಕೋರಸ್ ಮೊದಲ ಪದ ತುಂಬಾ ಕೆಳಗಿದೆ, ಬೇಸ್ ಸ್ವಲ್ಪ ಕಮ್ಮಿ ಇಡಿ" ಅಂತ ಹೇಳಿಬಿಡಿ. ಹೇಳದಿದ್ದರೆ ಡ್ರಮ್ಮಿನ ದಂ ದಂ ಆ ಸ್ವರವನ್ನು ನುಂಗಿಬಿಡುತ್ತದೆ. ರೆಕಾರ್ಡ್ ಮಾಡಿ ಇಂಟರ್‌ನೆಟ್ಟಿಗೆ ಹಾಕುವವರಿದ್ದರೆ, ಹಾಡಿನ ಹಕ್ಕುದಾರರು ಕ್ಲೇಮ್ ಹಾಕಿ ನಿಮ್ಮ ವಿಡಿಯೋದ ಜಾಹೀರಾತಿನ ಹಣ ಅವರಿಗೆ ಹೋಗುವ ಸಾಧ್ಯತೆ ಇದೆ, ಗಾಬರಿಯಾಗಬೇಡಿ.

ವಿಡಿಯೋದಲ್ಲಿದ್ದ ಹಾಗೆ ಪೆನ್ಸಿಲ್ ಎಫೆಕ್ಟ್ ಹಾಕುತ್ತೇನೆ ಅಂತ ಹೊರಡುವವರೂ ಇದ್ದಾರೆ. ಈಗ ಮೊಬೈಲ್ ಆ್ಯಪ್ ಒಂದು ನಿಮಿಷದಲ್ಲಿ ಮಾಡಿಕೊಡುತ್ತದೆ. ಅವತ್ತು ಮೈಕಲ್ ಪ್ಯಾಟರ್ಸನ್ ಮತ್ತು ಕ್ಯಾಂಡೇಸ್ ರೆಕಿಂಗರ್ ಚಿತ್ರೀಕರಿಸಿದ ಸಿನಿಮಾ ರೀಲಿನ ಒಂದೊಂದೇ ಫ್ರೇಮ್ ಇಟ್ಟುಕೊಂಡು ಅದರ ಮೇಲೆ ಕೈಯಲ್ಲಿ ಬಿಡಿಸಿದರು. ಸುಮಾರು 3,000 ಫ್ರೇಮ್, 16 ವಾರ. 1986ರ ಎಂಟಿವಿ ವಿಡಿಯೋ ಪ್ರಶಸ್ತಿಗಳಲ್ಲಿ ಆರು ಇದಕ್ಕೇ ಬಂದವು. ಆ್ಯಪ್ ಹಾಕಿದ ವಿಡಿಯೋದಲ್ಲಿ ಗೆರೆಗಳು ನಡುಗುವುದಿಲ್ಲ ನೋಡಿ, ಅದರಲ್ಲಿ ಆ ಜೀವ ಇಲ್ಲ ಅಂತ ನನಗನಿಸುತ್ತದೆ. ಹೋಗಲಿ, ನಮ್ಮ ವಿಷಯ ಅದಲ್ಲ.

ಕೊನೆಯದಾಗಿ, ಮುಗಿಸುವುದು ಹೇಗೆ ಅನ್ನುವುದನ್ನು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೋಗಿ. 1985ರ ರೆಕಾರ್ಡಿಂಗ್ ಮುಗಿಯುವುದೇ ಇಲ್ಲ, ಕೋರಸ್ ಹಾಡುತ್ತಾ ಹಾಡುತ್ತಾ ಸದ್ದು ಕರಗಿಹೋಗುತ್ತದೆ. ವೇದಿಕೆಯ ಮೇಲೆ ನೀವು ಕರಗಲು ಆಗುವುದಿಲ್ಲ. ರಿಫ್ ನುಡಿಸಿ ಮುಗಿಸೋಣ ಅಂದರೆ ಅದು ಪ ಮೇಲೆ ನಿಲ್ಲುತ್ತದೆ, ಮತ್ತೆ ಮೊದಲಿಂದ ಬಾ ಅಂತ ಎಳೆಯುತ್ತದೆ, ನಾನೊಮ್ಮೆ ಹೀಗೇ ಆರು ಸುತ್ತು ಸುತ್ತಿದ್ದೇನೆ. ಹಾಗಾಗಿ ಹೀಗೆ ಮಾಡಿ. ಕೊನೆಯ ಸುತ್ತಿನಲ್ಲಿ ಮೊದಲ ಎರಡು ಸಾಲು ನುಡಿಸಿ. ಮೂರನೇ ಸಾಲಿನ ಸ ಸ ಸ ಬರುತ್ತದಲ್ಲ, ಅಲ್ಲಿ ಎಡಗೈಯಲ್ಲಿ ಎ ಮೇಜರ್ ಇರುತ್ತದೆ, ಮೂರನೇ ಸ ಒತ್ತಿ ಎರಡೂ ಕೈ ಒಟ್ಟಿಗೆ ಎತ್ತಿಬಿಡಿ.